ಲಕ್ಷ್ಯವಿಲ್ಲದ ಲಕ್ಷಣ: ‘ಗೊಂಚರೋವ್’ ಎಂಬ ಇಲ್ಲದ ಸಿನಿಮಾ

ರಷ್ಯಾದಿಂದ ಇಟಲಿಯ ನೇಪಲ್ಸಿಗೆ ಬಂದು ಸೇರಿದ ಒಬ್ಬ ಕೊಲೆಗಾರ. ಅವನ ಹೆಂಡತಿ ಕಾತ್ಯಾ, ಗಂಡನಿಗಿಂತ ಒಂದು ಹೆಜ್ಜೆ ಮುಂದೆ ಯೋಚಿಸುವವಳು. ಜೊತೆಗಾರ ಆಂದ್ರೇ, ಗೆಳೆಯನೋ ಹಗೆಯೋ ಎಂಬುದು ಕೊನೆಯವರೆಗೂ ಬಗೆಹರಿಯದವನು. ಮುಖ್ಯ ದೃಶ್ಯಗಳ ಹಿಂದೆಲ್ಲ ಗಡಿಯಾರಗಳು, ಮುಗಿಯುತ್ತಿರುವ ಹೊತ್ತನ್ನು ನೆನಪಿಸುತ್ತ. ಸಿನಿಮಾದ ಹೆಸರು ‘ಗೊಂಚರೋವ್’, ವರ್ಷ 1973, ಹಿಂದಿರುವ ಹೆಸರು ಮಾರ್ಟಿನ್ ಸ್ಕಾರ್ಸೆಸಿ. ತಾರಾಗಣದಲ್ಲಿ ರಾಬರ್ಟ್ ಡಿ ನಿರೋ, ಅಲ್ ಪಚೀನೋ, ಹಾರ್ವಿ ಕೈಟೆಲ್, ಸಿಬಿಲ್ ಶೆಫರ್ಡ್, ಜೀನ್ ಹ್ಯಾಕ್‌ಮನ್, ಜಾನ್ ಕಜಾಲ್. 2022ರ ನವೆಂಬರಿನಲ್ಲಿ ಟಂಬ್ಲರ್ ಎಂಬ ತಾಣದಲ್ಲಿ ಸೇರಿದ ಸಿನಿಮಾ ಪ್ರೇಮಿಗಳು ಈ ಚಿತ್ರದ ಸಂಕೇತಗಳು, ಸಂಭಾಷಣೆ, ಕೊನೆಯ ದೃಶ್ಯದ ಅರ್ಥ ಎಲ್ಲವನ್ನೂ ಹಗಲು ರಾತ್ರಿ ಚರ್ಚಿಸಿದರು. ಇದು ಸ್ಕಾರ್ಸೆಸಿಯ ಅತ್ಯುತ್ತಮ ಚಿತ್ರ, ಜಗತ್ತು ಇದಕ್ಕೆ ಅನ್ಯಾಯ ಮಾಡಿದೆ ಎಂದು ಹಲವರು ವಾದಿಸಿದರು.

ತೊಡಕು ಇಷ್ಟೇ. ಇಂಥದೊಂದು ಸಿನಿಮಾ ಇಲ್ಲ. ಯಾರೂ ಅದನ್ನು ತೆಗೆದಿಲ್ಲ, ಯಾರೂ ನೋಡಿಲ್ಲ. ಚರ್ಚೆ ಮಾಡಿದವರಿಗೆ ಅದು ಚೆನ್ನಾಗಿಯೇ ಗೊತ್ತಿತ್ತು.

ಎಲ್ಲ ಶುರುವಾದದ್ದು ಒಂದು ಜೊತೆ ಬೂಟಿನಿಂದ. 2020ರ ಸುಮಾರಿಗೆ ಟಂಬ್ಲರಿನ ಸದಸ್ಯರೊಬ್ಬರು ತಾವು ಕೊಂಡ ಬೂಟಿನ ಚಿತ್ರ ಹಾಕಿದರು. ಕಂಪನಿಯ ಹೆಸರಿರಬೇಕಾದ ಪಟ್ಟಿಯ ಮೇಲೆ ಒಂದು ಸಿನಿಮಾದ ಜಾಹೀರಾತಿನಂಥ ಬರಹವಿತ್ತು. ಮಾಫಿಯಾ ಕುರಿತ ಶ್ರೇಷ್ಠ ಚಿತ್ರ, ಅರ್ಪಿಸುವವರು ಮಾರ್ಟಿನ್ ಸ್ಕಾರ್ಸೆಸಿ, ಹೆಸರು ‘ಗೊಂಚರೋವ್’, ನಿರ್ಮಾಪಕ ದೊಮೆನಿಕೊ ಪ್ರೊಕಾಚಿ, ನಿರ್ದೇಶಕ ಮತ್ತೇವೊ ಅಂತ ಏನೋ ಒಂದು. ಅದರ ಕೆಳಗೆ ಒಬ್ಬರು, ‘ಗೊಂಚರೋವ್’ ನೋಡದ ಮೂಢ ಇವನು ಎಂಬರ್ಥದ ಒಂದು ತಮಾಷೆಯ ಮಾತು ಬಿಟ್ಟರು. ಎರಡು ವರ್ಷ ಅದು ಹಾಗೆಯೇ ಬಿದ್ದಿತ್ತು. ಆಮೇಲೆ ಒಬ್ಬ ಕಲಾವಿದರು ಎಪ್ಪತ್ತರ ದಶಕದ ಶೈಲಿಯಲ್ಲಿ ಪೋಸ್ಟರ್ ಬರೆದು, ನಟರಿಗೆ ಪಾತ್ರ ಹಂಚಿದರು. ಅಲ್ಲಿಂದ ಹೊಳೆ ಕಟ್ಟೆ ಒಡೆಯಿತು. ಕೆಲವೇ ದಿನಗಳಲ್ಲಿ ಹಿನ್ನೆಲೆ ಸಂಗೀತ ಹುಟ್ಟಿತು, ದೃಶ್ಯಗಳ ವಿಶ್ಲೇಷಣೆ ಹುಟ್ಟಿತು, ಇಲ್ಲದ ಚಿತ್ರದ ಪಾತ್ರಗಳನ್ನಿಟ್ಟುಕೊಂಡು ನೂರಾರು ಕಥೆಗಳು ಹುಟ್ಟಿದವು. ‘ವಂಡರ್ ವುಮನ್’ ಧಾರಾವಾಹಿಯ ನಟಿ ಲಿಂಡಾ ಕಾರ್ಟರ್ ತಮ್ಮ ಹಳೆಯ ಫೋಟೊ ಒಂದನ್ನು ಹಾಕಿ, ಇದು ‘ಗೊಂಚರೋವ್’ ಮೊದಲ ಪ್ರದರ್ಶನದ ದಿನದ್ದು ಎಂದರು. ಕೊನೆಗೆ ಸ್ಕಾರ್ಸೆಸಿಯ ಮಗಳು ತಂದೆಗೆ ಈ ಸುದ್ದಿಯ ಬಗ್ಗೆ ಸಂದೇಶ ಕಳಿಸಿದಾಗ, ಹೌದು, ಆ ಚಿತ್ರ ಮಾಡಿ ಎಷ್ಟೋ ವರ್ಷವಾಯಿತು ಎಂದು ಆ ಹಿರಿಯರೂ ಆಟದಲ್ಲಿ ಕೈ ಸೇರಿಸಿದರು.

ಈ ಆಟಕ್ಕೆ ಒಂದು ಕಟ್ಟುನಿಟ್ಟಾದ ನಿಯಮ ಇತ್ತು. ಯಾರೂ ಬರೆದಿಟ್ಟದ್ದಲ್ಲ, ಎಲ್ಲರೂ ಪಾಲಿಸಿದ್ದು. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಸುಳ್ಳು ಎನ್ನುವ ಹಾಗಿಲ್ಲ. ಅದನ್ನು ಒಪ್ಪಿಕೊಂಡೇ ಅದರ ಮೇಲೆ ಇನ್ನೊಂದು ಕಲ್ಲು ಇಡಬೇಕು. ಆಂದ್ರೇ ಗೊಂಚರೋವ್‌ಗೆ ದ್ರೋಹ ಮಾಡಿದ ಎಂದು ಯಾರಾದರೂ ಹೇಳಿದರೆ, ಮುಂದಿನವರು ಮಾಡಲಿಲ್ಲ ಎನ್ನುವಂತಿಲ್ಲ. ಮಾಡಿದ, ಆದರೆ ಅದು ಪ್ರೀತಿಯಿಂದ ಮಾಡಿದ ದ್ರೋಹ ಎನ್ನಬಹುದು. ನಮ್ಮ ಉತ್ತರ ಕರ್ನಾಟಕದ ಹರದೇಶಿ–ನಾಗೇಶಿ ಮೇಳಗಳನ್ನು ಕೇಳಿದವರಿಗೆ ಇದು ಹೊಸದೇನಲ್ಲ. ಒಂದು ಮೇಳ ಗಂಡು ಹೆಚ್ಚು ಅನ್ನುತ್ತದೆ, ಇನ್ನೊಂದು ಹೆಣ್ಣು ಹೆಚ್ಚು ಅನ್ನುತ್ತದೆ. ಸವಾಲು ಜವಾಬುಗಳಲ್ಲಿ ಬೆಳಗು ಹರಿಯುತ್ತದೆ. ಎದುರಿನವರು ಎತ್ತಿದ ಪುರಾಣದ ಪ್ರಸಂಗ ನಡೆದೇ ಇಲ್ಲ ಎಂದು ಹೇಳಿದರೆ ಆಟ ಅಲ್ಲಿಗೇ ಕೆಡುತ್ತದೆ. ಪ್ರಸಂಗವನ್ನು ಒಪ್ಪಿಕೊಂಡು ಅದರ ಅರ್ಥವನ್ನು ತಿರುಗಿಸುವವನೇ ಜಾಣ ಹಾಡುಗಾರ.

ಇಷ್ಟೊಂದು ಜನ ಒಬ್ಬರ ಮುಖ ಒಬ್ಬರು ನೋಡದೆ, ಒಂದೇ ಸಿನಿಮಾವನ್ನು ಹೇಗೆ ಕಲ್ಪಿಸಿಕೊಂಡರು? ನನಗೆ ಹೆಚ್ಚು ಕುತೂಹಲ ಇರುವುದು ಇಲ್ಲಿ. ಅವರು ಆರಿಸಿಕೊಂಡದ್ದು ಗ್ಯಾಂಗ್‌ಸ್ಟರ್ ಸಿನಿಮಾ ಎಂಬುದರಲ್ಲಿ ಉತ್ತರ ಇದೆ. ಬೂಟಿನ ಪಟ್ಟಿ ಒಂದು ಪ್ರೇಮಕಥೆಯ ಹೆಸರು ಹೇಳಿದ್ದರೆ ಈ ಆಟ ಇಷ್ಟು ದೂರ ಬರುತ್ತಿರಲಿಲ್ಲ ಅನ್ನಿಸುತ್ತದೆ. ಗ್ಯಾಂಗ್‌ಸ್ಟರ್ ಸಿನಿಮಾದ ಎಲುಬಿನ ಹಂದರ ಎಲ್ಲರಿಗೂ ಗೊತ್ತು. ಊರಿಗೆ ಬರುವ ಹೊಸಬ, ಅವನ ಏಳಿಗೆ, ಅವನನ್ನು ನಂಬಿದವರು, ನಂಬಿ ಕೆಟ್ಟವರು, ಊಟದ ಮೇಜಿನ ಮೇಲಿನ ಮೌನ, ಗೆಳೆಯನ ಕೈಯಿಂದಲೇ ಬರುವ ಸಾವು. ಹಂದರ ಇದ್ದರೆ ಬಳ್ಳಿ ಎಲ್ಲಿಂದ ಹಬ್ಬಿದರೂ ಕೊನೆಗೆ ಒಂದೇ ಚಪ್ಪರ ಆಗುತ್ತದೆ.

ಹಳಗನ್ನಡ ಓದಿದವರು ಇದನ್ನು ಬೇಗ ಗುರುತಿಸಬಲ್ಲರು. ಮಹಾಕಾವ್ಯದಲ್ಲಿ ಹದಿನೆಂಟು ವರ್ಣನೆಗಳಿರಬೇಕು ಎಂದು ನಮ್ಮ ಲಾಕ್ಷಣಿಕರು ಪಟ್ಟಿ ಕೊಟ್ಟರು. ಸಮುದ್ರ, ಪರ್ವತ, ಪುರ, ಋತು, ಚಂದ್ರೋದಯ, ಸೂರ್ಯೋದಯ, ವನವಿಹಾರ, ಜಲಕ್ರೀಡೆ, ವಿರಹ, ವಿವಾಹ, ಪುತ್ರೋತ್ಪತ್ತಿ, ಯುದ್ಧ ಹೀಗೆ. ಈ ಪಟ್ಟಿ ಕೈಯಲ್ಲಿದ್ದರೆ, ಬರೆದೇ ಇಲ್ಲದ ಚಂಪೂಕಾವ್ಯವೊಂದರ ಮೇಲೆ ತಕ್ಕಮಟ್ಟಿಗೆ ನಂಬುವಂಥ ವಿಮರ್ಶೆಯನ್ನು ಯಾರಾದರೂ ಬರೆದಾರು. ಚಂದ್ರೋದಯ ವರ್ಣನೆಯಲ್ಲಿ ಕವಿ ಸಂಪ್ರದಾಯವನ್ನು ಮೀರಿದ್ದಾನೆ ಎಂದರೆ ಯಾರು ಬೇಡ ಎನ್ನುತ್ತಾರೆ? ಲಕ್ಷ್ಯ ಅಂದರೆ ಉದಾಹರಣೆಯಾಗಿ ಮುಂದಿರುವ ಕೃತಿ. ಲಕ್ಷಣ ಅಂದರೆ ಅದರಿಂದ ತೆಗೆದ ನಿಯಮ. ‘ಗೊಂಚರೋವ್’ ಲಕ್ಷ್ಯವಿಲ್ಲದೆ ಬರೀ ಲಕ್ಷಣದಿಂದ ಕಟ್ಟಿದ ಸಿನಿಮಾ.

ಹಾಗಂತ ಇದನ್ನು ಬರೀ ಹುಡುಗಾಟ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಒಂದು ಪ್ರಕಾರದ ಲಕ್ಷಣಗಳನ್ನು ಇಷ್ಟು ಖಚಿತವಾಗಿ ಬಲ್ಲವರು ಅದರ ಕೊರತೆಗಳನ್ನೂ ಬಲ್ಲವರೇ ಆಗಿರುತ್ತಾರೆ. ಎಪ್ಪತ್ತರ ದಶಕದ ಗ್ಯಾಂಗ್‌ಸ್ಟರ್ ಚಿತ್ರಗಳಲ್ಲಿ ಹೆಣ್ಣು ಬಾಗಿಲ ಆಚೆ ನಿಂತವಳು. ‘ಗಾಡ್‌ಫಾದರ್’ ಚಿತ್ರದ ಕೊನೆಗೆ ಕೇ ಎದುರಿಗೇ ಬಾಗಿಲು ಮುಚ್ಚಿಕೊಳ್ಳುವ ದೃಶ್ಯವನ್ನು ಯಾರು ಮರೆತಾರು? ‘ಗೊಂಚರೋವ್’ ಅಭಿಮಾನಿಗಳು ಆ ಬಾಗಿಲನ್ನು ತೆರೆದರು. ಅವರ ಚಿತ್ರದಲ್ಲಿ ಕಾತ್ಯಾಳಿಗೆ ತನ್ನದೇ ಆಸೆ ಇದೆ, ಸೋಫಿಯಾ ಎಂಬ ಇನ್ನೊಬ್ಬ ಹೆಣ್ಣಿನ ಜೊತೆ ತನ್ನದೇ ಸಂಬಂಧ ಇದೆ, ಕೈಯಲ್ಲಿ ಪಿಸ್ತೂಲೂ ಇದೆ. ಗಂಡಸರ ನಡುವಿನ ಹೇಳಲಾರದ ಒಲವು ಇಲ್ಲಿ ಹೇಳುವ ಮಾತಾಯಿತು. ಹಳೆಯ ಚಿತ್ರಗಳು ಏನನ್ನು ಬಿಟ್ಟವು ಎಂಬ ದೂರನ್ನು ಇವರು ದೂರಾಗಿ ಬರೆಯದೆ, ಬಿಟ್ಟದ್ದನ್ನೇ ಒಂದು ಚಿತ್ರವಾಗಿ ಕಂಡರು.

ಇನ್ನೊಂದು ವಿವರ ನನ್ನನ್ನು ತಟ್ಟಿತು. ಪೋಸ್ಟರಿನಲ್ಲಿ ಜಾನ್ ಕಜಾಲ್ ಹೆಸರಿದೆ. ‘ಗಾಡ್‌ಫಾದರ್’ನಲ್ಲಿ ಫ್ರೇಡೊ ಆಗಿ ನಟಿಸಿದ ಈ ನಟ 1978ರಲ್ಲಿ, ಇನ್ನೂ ನಡುವಯಸ್ಸಿನಲ್ಲಿ, ಕ್ಯಾನ್ಸರಿನಿಂದ ತೀರಿಕೊಂಡರು. ಅವರು ನಟಿಸಿದ ಕಥಾಚಿತ್ರಗಳು ಐದೇ ಐದು. ಐದೂ ಶ್ರೇಷ್ಠ ಚಿತ್ರದ ಆಸ್ಕರ್‌ಗೆ ನಾಮಕರಣಗೊಂಡವು. ಅಭಿಮಾನಿಗಳು ಅವರಿಗೆ ಆರನೆಯ ಚಿತ್ರವೊಂದನ್ನು ಕೊಟ್ಟರು. ಸತ್ತವರಿಗೆ ಎಡೆ ಇಡುವ ಹಾಗೆ. ಹಾಗೆಯೇ, ನಿಜ ಜೀವನದಲ್ಲಿ ಪಚೀನೋ ಸ್ಕಾರ್ಸೆಸಿಯ ಚಿತ್ರವೊಂದರಲ್ಲಿ ನಟಿಸಲು 2019ರ ‘ಐರಿಷ್‌ಮನ್’ವರೆಗೆ ಕಾಯಬೇಕಾಯಿತು. ಇಲ್ಲಿ 1973ರಲ್ಲೇ ಆ ಜೋಡಿ ಕೂಡಿದೆ. ಇತಿಹಾಸ ಮಾಡದ ಕೆಲಸವನ್ನು ಆಸೆ ಮಾಡಿದೆ.

ಆದರೆ ಆ ಬೂಟಿನ ಪಟ್ಟಿಗೆ ಇನ್ನೊಮ್ಮೆ ಮರಳೋಣ. ಪ್ರೊಕಾಚಿ ನಿರ್ಮಾಣ, ಮತ್ತೇವೊ ನಿರ್ದೇಶನ, ಸ್ಕಾರ್ಸೆಸಿ ಅರ್ಪಣೆ, ವಿಷಯ ನೇಪಲ್ಸಿನ ಮಾಫಿಯಾ. ಇಷ್ಟೂ ಹೊಂದುವ ಒಂದು ನಿಜವಾದ ಚಿತ್ರ ಇದೆ. 2008ರಲ್ಲಿ ಬಂದ ‘ಗೊಮೊರ್ರಾ’. ನಿರ್ದೇಶಕ ಮತ್ತೇವೊ ಗರೋನೆ, ನಿರ್ಮಾಪಕ ದೊಮೆನಿಕೊ ಪ್ರೊಕಾಚಿ. ಅಮೆರಿಕದಲ್ಲಿ ಅದನ್ನು ತಮ್ಮ ಹೆಸರಿನಲ್ಲಿ ಅರ್ಪಿಸಿದವರು ಸ್ಕಾರ್ಸೆಸಿ. ಯಾವುದೋ ಕಾರ್ಖಾನೆಯಲ್ಲಿ ಆ ಚಿತ್ರದ ಜಾಹೀರಾತು ತಿರುಚಿಕೊಂಡು ಬೂಟಿನ ಪಟ್ಟಿಯಾಯಿತು ಎಂಬುದೇ ಹೆಚ್ಚು ಸಂಭವನೀಯ ವಿವರಣೆ. ‘ಗೊಮೊರ್ರಾ’ಕ್ಕೆ ಆಧಾರ ರೊಬೆರ್ತೊ ಸವಿಯಾನೊ 2006ರಲ್ಲಿ ಬರೆದ ಪುಸ್ತಕ. ನೇಪಲ್ಸಿನ ಕಮೊರ್ರಾ ಗುಂಪುಗಳು ಬಟ್ಟೆಯ ಕಾರ್ಖಾನೆ, ಬಂದರು, ವಿಷದ ಕಸ ಎಲ್ಲದರಲ್ಲೂ ಹೇಗೆ ಕೈಯಾಡಿಸುತ್ತವೆ ಎಂದು ಹೆಸರು ಹಿಡಿದು ಬರೆದ ಪುಸ್ತಕ. ಅದನ್ನು ಬರೆದದ್ದಕ್ಕೆ ಆ ಲೇಖಕ ಪೊಲೀಸ್ ಕಾವಲಿನಲ್ಲಿ ಬದುಕಬೇಕಾಯಿತು. ಚಿತ್ರದಲ್ಲಿ ನಟಿಸಿದ ಕೆಲವರು ಆಮೇಲೆ ನಿಜವಾದ ಅಪರಾಧದ ಆರೋಪಗಳ ಮೇಲೆ ಬಂಧನಕ್ಕೂ ಒಳಗಾದರು.

ಅಂದರೆ ಇಲ್ಲದ ಚಿತ್ರದ ಕೆಳಗೆ ಇರುವ ಚಿತ್ರವೊಂದು ಮುಚ್ಚಿಹೋಗಿದೆ. ಆ ನವೆಂಬರಿನಲ್ಲಿ ‘ಗೊಂಚರೋವ್’ ಬಗ್ಗೆ ಬರೆದವರಲ್ಲಿ ಎಷ್ಟು ಮಂದಿ ‘ಗೊಮೊರ್ರಾ’ ನೋಡಿದರೋ! ಒಂದರಲ್ಲಿ ನೇಪಲ್ಸ್ ಅಂದರೆ ಚಳಿಗಾಲದ ಮಂಕು ಬೆಳಕು, ಉದ್ದನೆಯ ಕೋಟು. ಇನ್ನೊಂದರಲ್ಲಿ ನೇಪಲ್ಸ್ ಅಂದರೆ ಹುಡುಗರ ಕೈಗೆ ಬಂದೂಕು ಬರುವ ಬಗೆ.

ಕನ್ನಡದ ಗ್ಯಾಂಗ್‌ಸ್ಟರ್ ಸಿನಿಮಾ ನಡೆದು ಬಂದ ದಾರಿ ಇದಕ್ಕೆ ತೀರ ಎದುರಿನದು. ನಮ್ಮಲ್ಲಿ ಈ ಪ್ರಕಾರಕ್ಕೆ ಬೆಲೆ ಬಂದದ್ದೇ ‘ಇದು ನಿಜ’ ಎಂಬ ಮುದ್ರೆಯಿಂದ. 1995ರಲ್ಲಿ ಉಪೇಂದ್ರ ನಿರ್ದೇಶಿಸಿದ ‘ಓಂ’ ಚಿತ್ರದಲ್ಲಿ ಶಿವರಾಜಕುಮಾರ್ ಎದುರು ಬೆಂಗಳೂರಿನ ಭೂಗತ ಲೋಕದ ನಿಜವಾದ ಮನುಷ್ಯರೇ ತೆರೆಯ ಮೇಲೆ ಬಂದರು. ಅದನ್ನು ನೋಡಿದ ತಲೆಮಾರು ಇಂದಿಗೂ ಮೊದಲು ಹೇಳುವುದು ಆ ಸಂಗತಿಯನ್ನೇ. 2007ರ ‘ಆ ದಿನಗಳು’ ಅಗ್ನಿ ಶ್ರೀಧರ್ ಅವರ ಆತ್ಮಕಥನ ‘ದಾದಾಗಿರಿಯ ದಿನಗಳು’ ಆಧರಿಸಿದ್ದು. ಚಿತ್ರಕಥೆಯಲ್ಲಿ ಅವರ ಜೊತೆ ಧಾರವಾಡದ ಗಿರೀಶ ಕಾರ್ನಾಡರೂ ಕೈಜೋಡಿಸಿದ್ದರು. ‘ಓಂ’ ಅಭಿಮಾನಿಗಳ ಮಾತನ್ನು ಕೇಳಿದರೆ ಇನ್ನೊಂದು ತಿಳಿಯುತ್ತದೆ. ಆ ಚಿತ್ರ ಐನೂರಕ್ಕೂ ಹೆಚ್ಚು ಸಲ ಮತ್ತೆ ಬಿಡುಗಡೆಯಾಯಿತು ಎಂಬ ಮಾತು ಈಗ ಚಿತ್ರದಷ್ಟೇ ದೊಡ್ಡ ಕಥೆ. ಎಲ್ಲಿ, ಯಾವಾಗ ಎಂದು ಲೆಕ್ಕ ಕೇಳುವವರು ಕಡಿಮೆ, ಸಂಖ್ಯೆಯನ್ನು ಹೆಮ್ಮೆಯಿಂದ ಹೇಳುವವರು ಹೆಚ್ಚು. ನಿಜದ ಮುದ್ರೆಯಿಂದ ಹುಟ್ಟಿದ ಚಿತ್ರವೂ ಅಭಿಮಾನಿಗಳ ಬಾಯಲ್ಲಿ ಪುರಾಣವಾಗುತ್ತದೆ.

ಎರಡೂ ದಾರಿ ಕೂಡಿದ ಜಾಗ ‘ಕೆ.ಜಿ.ಎಫ್’. ಪ್ರಶಾಂತ್ ನೀಲ್ ನಿರ್ದೇಶನದ ಈ ಚಿತ್ರದ ಮೊದಲ ಭಾಗ 2018ರಲ್ಲಿ, ಎರಡನೆಯ ಭಾಗ 2022ರ ಏಪ್ರಿಲ್‌ನಲ್ಲಿ ಬಂದವು. ‘ಗೊಂಚರೋವ್’ ಗಲಾಟೆಗೆ ಏಳು ತಿಂಗಳು ಮೊದಲು. ರಾಕಿಯ ಕಥೆಯನ್ನು ಚಿತ್ರ ನೇರವಾಗಿ ಹೇಳುವುದಿಲ್ಲ. ಆನಂದ್ ಇಂಗಳಗಿ ಎಂಬ ಪತ್ರಕರ್ತ ಬರೆದ, ಸರ್ಕಾರ ನಿಷೇಧಿಸಿದ ‘ಎಲ್ ಡೊರಾಡೊ’ ಎಂಬ ಪುಸ್ತಕದ ಮೂಲಕ ಹೇಳುತ್ತದೆ. ಅನಂತ್ ನಾಗ್ ಆ ಪಾತ್ರದಲ್ಲಿ ಕೂತು ಮಾತಾಡುವಾಗ ನಂಬದೆ ಇರುವುದು ಕಷ್ಟ. ಇಂಗಳಗಿ ಅನ್ನುವುದು ನಮ್ಮ ಕಡೆ ಊರಿನ ಹೆಸರೂ ಹೌದು, ಮನೆತನದ ಹೆಸರೂ ಹೌದು. ಅಮರಗೋಳದಲ್ಲಿ ಕೂತು ನೋಡುವ ನನ್ನಂಥವರಿಗೆ ಆ ಹೆಸರೇ ಅರ್ಧ ಸಾಕ್ಷಿ. ಆದರೆ ಆ ಪುಸ್ತಕ ಇಲ್ಲ, ಆ ಪತ್ರಕರ್ತ ಇಲ್ಲ. ಇಲ್ಲದ ಪುಸ್ತಕವೊಂದು ಇಲ್ಲದ ಗ್ಯಾಂಗ್‌ಸ್ಟರನಿಗೆ ಸಾಕ್ಷಿ ಹೇಳುತ್ತಿದೆ.

ಇದು ಕಥೆ ಕಟ್ಟುವ ಹಳೆಯ, ಒಳ್ಳೆಯ ಉಪಾಯ. ತಕರಾರು ಉಪಾಯದ ಬಗ್ಗೆ ಅಲ್ಲ. ಕೋಲಾರದ ಚಿನ್ನದ ಗಣಿ ಮಾತ್ರ ಇದೆ, ನಿಜವಾಗಿ ಇದೆ. 1880ರಲ್ಲಿ ಜಾನ್ ಟೇಲರ್ ಕಂಪನಿ ಅಲ್ಲಿ ಕೆಲಸ ಶುರುಮಾಡಿತು. ನೆಲದಡಿ ಮೂರು ಕಿಲೋಮೀಟರಿಗೂ ಆಳಕ್ಕೆ ಸುರಂಗಗಳು ಇಳಿದವು. ಆ ಬಿಸಿಯಲ್ಲಿ, ಆ ದೂಳಿನಲ್ಲಿ ದುಡಿದವರಲ್ಲಿ ಹೆಚ್ಚಿನವರು ತಮಿಳು ಸೀಮೆಯಿಂದ ಬಂದ ದಲಿತ ಕುಟುಂಬಗಳ ಜನ. ಸಿಲಿಕೋಸಿಸ್ ಎಂಬ ಶ್ವಾಸಕೋಶದ ರೋಗ ಅವರ ಮನೆಗಳಿಗೆ ಗಣಿ ಕೊಟ್ಟ ಬಳುವಳಿ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಈಗ ಅಲ್ಲಿ ಸಯನೈಡ್ ಬೆರೆತ ಮಣ್ಣಿನ ದಿಬ್ಬಗಳಿವೆ. ‘ಕೆ.ಜಿ.ಎಫ್’ ಎಂಬ ಮೂರಕ್ಷರ ಕೇಳಿದರೆ ಇಂದು ಈ ದೇಶದ ಹೆಚ್ಚಿನವರಿಗೆ ನೆನಪಾಗುವುದು ರಾಕಿ. ‘ಗೊಂಚರೋವ್’ ಆಟದಲ್ಲಿ ಪ್ರತಿಯೊಬ್ಬ ಆಟಗಾರನಿಗೂ ಇದು ಕಟ್ಟುಕಥೆ ಎಂದು ಗೊತ್ತಿತ್ತು. ‘ಕೆ.ಜಿ.ಎಫ್’ ನೋಡುಗನಿಗೆ ಎಲ್ಲಿ ಕಟ್ಟುಕಥೆ ಶುರುವಾಗುತ್ತದೆ ಎಂಬ ಗೆರೆಯನ್ನು ಯಾರೂ ತೋರಿಸಲಿಲ್ಲ. ಸುಳ್ಳು ಎರಡೂ ಕಡೆ ಇದೆ, ಸುಳ್ಳಿನ ಒಪ್ಪಂದ ಒಂದೇ ಕಡೆ ಇದೆ.

ನಮ್ಮ ಓಣಿಯಲ್ಲಿ ಬಾಡಿಗೆಗಿದ್ದು ಧಾರವಾಡಕ್ಕೆ ಎಂ.ಎ. ಓದಲು ಹೋಗುವ ಹುಡುಗಿಯೊಬ್ಬಳಿಗೆ ಇದನ್ನೆಲ್ಲ ಒಮ್ಮೆ ಹೇಳುತ್ತಿದ್ದೆ. ಅವಳು ನಕ್ಕು ಕೇಳಿದಳು: “ಸರ್, ಇಲ್ಲದ ಪಿಕ್ಚರ್ ಬಗ್ಗೆ ಮಾತಾಡಾಕ ಇಷ್ಟ ಮಂದಿ ಯಾಕ ಕೂಡಿದ್ರ್ರೀ?”

“ಇದ್ದದ್ದರ ಬಗ್ಗೆ ಮಾತಾಡಬೇಕಂದ್ರ ನೋಡಬೇಕಾಗತೈತಿ, ಓದಬೇಕಾಗತೈತಿ ನೋಡವಾ” ಎಂದೆ.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: “ಹಂಗಾದ್ರ ನಾವು ಗೈಡ್ ಓದಿ ಪರೀಕ್ಷಾದಾಗ ಪಂಪನ ಬಗ್ಗೆ ಬರಿತೀವಲ್ರೀ, ಅದೂ ಗೊಂಚರೋವನ ಆತಲ್ರೀ?”

ನಾನು ಇಷ್ಟು ಹೊತ್ತು ಸುತ್ತಿ ಬಳಸಿ ಹೇಳುತ್ತಿದ್ದುದನ್ನು ಅವಳು ಒಂದೇ ಮಾತಿನಲ್ಲಿ ಹೇಳಿದ್ದಳು. ಗೈಡಿನಲ್ಲಿ ಕಥಾಸಾರ ಇದೆ, ಪಾತ್ರ ಪರಿಚಯ ಇದೆ, ಕಾವ್ಯದ ವೈಶಿಷ್ಟ್ಯಗಳು ಅಂಕಿ ಹಾಕಿಕೊಂಡು ನಿಂತಿವೆ. ಕಾವ್ಯ ಒಂದು ಇಲ್ಲ. ಅದರಿಂದ ಉತ್ತರ ಬರೆಯಬಹುದು, ಅಂಕವೂ ಬರುತ್ತದೆ. ಅಂಥ ಓದುಗನ ಪಾಲಿಗೆ ‘ವಿಕ್ರಮಾರ್ಜುನ ವಿಜಯ’ ಕೂಡ ಬೂಟಿನ ಪಟ್ಟಿಯ ಮೇಲಿನ ಹೆಸರೇ. ವ್ಯತ್ಯಾಸ ಏನೆಂದರೆ, ‘ಗೊಂಚರೋವ್’ ಅಭಿಮಾನಿಗಳು ತಾವೇ ಕಲ್ಪಿಸಿಕೊಂಡರು. ಗೈಡ್ ಓದಿದವರು ಇನ್ನೊಬ್ಬರ ಕಲ್ಪನೆಯನ್ನು ಬಾಯಿಪಾಠ ಮಾಡಿದರು. ಮೊದಲಿನವರಿಗೆ ಸಂತೋಷವಾದರೂ ಸಿಕ್ಕಿತು.

ಇಲ್ಲೇ ಆ ಆಟದ ಮಿತಿಯೂ ಇದೆ. ‘ಗೊಂಚರೋವ್’ ಬಗ್ಗೆ ಯಾರ ಮಾತೂ ತಪ್ಪಾಗಲಾರದು. ಗಡಿಯಾರದ ಸಂಕೇತ ಅತಿಯಾಯಿತು ಎಂದು ಹೇಳಲು ಅಲ್ಲಿ ಗಡಿಯಾರವೇ ಇಲ್ಲ. ಇರುವ ಕೃತಿ ನಮ್ಮ ಮಾತಿಗೆ ಅಡ್ಡ ಬರುತ್ತದೆ. ನಾವು ಬಯಸಿದ್ದನ್ನು ಅದು ಹೇಳುವುದಿಲ್ಲ, ನಮ್ಮ ಸಿದ್ಧಾಂತಕ್ಕೆ ಹೊಂದದ ಒಂದು ಸಾಲು, ಒಂದು ದೃಶ್ಯ ಅದರಲ್ಲಿ ಮೊಳೆಯ ಹಾಗೆ ಎದ್ದಿರುತ್ತದೆ. ಬಟ್ಟೆ ಸಿಕ್ಕಿಕೊಳ್ಳುವುದೇ ಅಲ್ಲಿ. ವಿಮರ್ಶೆ ಹುಟ್ಟುವುದೂ ಅಲ್ಲಿ. ತಪ್ಪಾಗುವ ಭಯವಿಲ್ಲದ ಕಡೆ ಪ್ರೀತಿ ಇರಬಹುದು, ಜಾಣತನ ಇರಬಹುದು, ವಿಮರ್ಶೆ ಇರಲಾರದು.

ಕನ್ನಡದವರಾದ ನಮಗೆ ಇನ್ನೊಂದು ಬಗೆಯ ಅನುಭವ ಇದೆ. ಅದು ‘ಗೊಂಚರೋವ್’ನ ಸರಿಯಾದ ತಿರುವುಮುರುವು. ಇದ್ದ ಕೃತಿ ಇಲ್ಲವಾದದ್ದು. ಒಂದನೆಯ ಗುಣವರ್ಮ ಕ್ರಿ.ಶ. 900ರ ಆಸುಪಾಸಿನಲ್ಲಿ ‘ಶೂದ್ರಕ’, ‘ಹರಿವಂಶ’ ಎಂಬ ಕಾವ್ಯಗಳನ್ನು ಬರೆದ. ಅವೆರಡೂ ಸಿಕ್ಕಿಲ್ಲ. ಮುಂದಿನವರ ಲಕ್ಷಣಗ್ರಂಥ, ಸಂಕಲನಗಳಲ್ಲಿ ಉಳಿದ ಬಿಡಿ ಪದ್ಯಗಳಷ್ಟೇ ಗತಿ. ಪೊನ್ನನ ‘ಭುವನೈಕರಾಮಾಭ್ಯುದಯ’ ಇಲ್ಲ, ರನ್ನನ ‘ಪರಶುರಾಮಚರಿತ’ ಇಲ್ಲ. ‘ಕವಿರಾಜಮಾರ್ಗ’ ತನಗಿಂತ ಹಿಂದಿನವರೆಂದು ಹೆಸರಿಸುವ ವಿಮಲ, ಉದಯ, ನಾಗಾರ್ಜುನ ಮೊದಲಾದವರ ಒಂದು ಕೃತಿಯೂ ನಮ್ಮ ಕೈಗೆ ಬಂದಿಲ್ಲ. ಸಿನಿಮಾದಲ್ಲೂ ಅಷ್ಟೇ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ತೆರೆಗೆ ಬಂದದ್ದು 1934ರ ಮಾರ್ಚ್ 3ರಂದು. ನಿರ್ದೇಶನ ವೈ.ವಿ. ರಾವ್. ಇಂದ್ರಜಿತನಾಗಿ ಸುಬ್ಬಯ್ಯ ನಾಯ್ಡು, ಸುಲೋಚನೆಯಾಗಿ ತ್ರಿಪುರಾಂಬ, ರಾವಣನಾಗಿ ಆರ್. ನಾಗೇಂದ್ರರಾಯರು. ಚಿತ್ರೀಕರಣ ನಡೆದದ್ದು ನಮ್ಮ ಹುಬ್ಬಳ್ಳಿಯಿಂದ ಬಹಳ ದೂರವೇನಲ್ಲದ ಕೊಲ್ಹಾಪುರದಲ್ಲಿ. ಇಂದು ಅದರ ಒಂದು ಪ್ರತಿಯೂ ಉಳಿದಿಲ್ಲ.

ಆದರೂ ನಾವು ಇವುಗಳ ಬಗ್ಗೆ ಮಾತಾಡುತ್ತೇವೆ, ಪಾಠ ಮಾಡುತ್ತೇವೆ. ಮೇಲುನೋಟಕ್ಕೆ ನಮ್ಮ ಸ್ಥಿತಿ ಆ ಅಭಿಮಾನಿಗಳ ಸ್ಥಿತಿಯೇ. ನೋಡದ ಚಿತ್ರ, ಓದದ ಕಾವ್ಯ. ಆದರೆ ‘ಶೂದ್ರಕ’ದ ಬಗ್ಗೆ ಬರೆಯುವ ಸಂಶೋಧಕ ಒಂದು ಪದ್ಯವನ್ನೂ ತಾನಾಗಿ ಸೇರಿಸಲಾರ. ಉಳಿದ ಪದ್ಯಗಳನ್ನು ಕಣ್ಣಿಗೊತ್ತಿಕೊಂಡು, ಇದು ಗುಣವರ್ಮನದೇ ಹೌದೇ ಎಂದು ಮತ್ತೆ ಮತ್ತೆ ಕೇಳಿಕೊಳ್ಳುತ್ತಾನೆ. ‘ಗೊಂಚರೋವ್’ ಅಭಿಮಾನಿಗಳಿಗೆ ಕೃತಿ ಇಲ್ಲ ಎಂಬುದು ಬಿಡುಗಡೆ. ನಮ್ಮ ಸಂಶೋಧಕನಿಗೆ ಅದು ಋಣ.

ಎಲ್ಲೋ ಒಂದು ಹಳೆಯ ಗೋದಾಮಿನಲ್ಲಿ, ತುಕ್ಕು ಹಿಡಿದ ಡಬ್ಬಿಯೊಳಗೆ ‘ಸತಿ ಸುಲೋಚನ’ದ ಒಂದು ರೀಲು ನಾಳೆ ಸಿಕ್ಕಿತು ಅಂದುಕೊಳ್ಳಿ. ತೊಂಬತ್ತು ವರ್ಷ ನಾವು ಆಡಿದ ಮಾತೆಲ್ಲ ಹತ್ತೇ ನಿಮಿಷದಲ್ಲಿ ಪರೀಕ್ಷೆಗೆ ನಿಲ್ಲುತ್ತದೆ. ನಾಗೇಂದ್ರರಾಯರ ರಾವಣ ನಾವು ಹೇಳಿಕೊಂಡು ಬಂದಷ್ಟು ದೊಡ್ಡವನಲ್ಲದಿರಬಹುದು, ಅದಕ್ಕಿಂತ ದೊಡ್ಡವನೂ ಇರಬಹುದು. ‘ಗೊಂಚರೋವ್’ಗೆ ಅಂಥ ಗಂಡಾಂತರ ಎಂದೂ ಬಾರದು. ಅದರ ಅಭಿಮಾನಿಗಳು ಎಂದೂ ಸೋಲರು. ನನಗಾದರೋ ಆ ಸೋಲಿನ ಸಾಧ್ಯತೆ ಬೇಕು. ಗುಣವರ್ಮನನ್ನು, ಮೊದಲ ಕನ್ನಡ ಚಿತ್ರವನ್ನು ಪ್ರೀತಿಸುವವರು ಆ ಡಬ್ಬಿ ತೆರೆಯಲಿ ಎಂದೇ ಕಾಯುತ್ತಾರೆ, ತಾವು ಬರೆದದ್ದೆಲ್ಲ ಅಳಿಸಿಹೋದರೂ ಸರಿ.